ಮಾರಾಟಕ್ಕಿಟ್ಟ ಗಾಡಿ

ನನ್ನ ಹಳೇ ಜೀಪು ಕೊನೆಯ ಸಲ ಕೈಕೊಟ್ಟದ್ದು ದೊಡ್ಡಆಲಹಳ್ಳಿ ದಾಟಿ ಕಾಡಿನ ಅಂಚಿಗೆ ಹೋಗುವ ಮಣ್ಣುದಾರಿಯಲ್ಲಿ. ಸೀಮೆಹಸುವೊಂದು ಬೆಳಗಿನಿಂದ ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಫೋನ್ ಬಂದಿತ್ತು. ನಾನು ದನದ ಡಾಕ್ಟರು. ನಿವೃತ್ತಿಯ ವಯಸ್ಸಿಗೆ ಮುಂಚೆಯೇ ಸರ್ಕಾರಿ ಕೆಲಸಕ್ಕೆ ಸಲಾಮು ಹೊಡೆದು, ಕನಕಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಕರೆದವರ ಊರಿಗೆ ಹೋಗಿ ದನಕರು ನೋಡಿ ಬರುತ್ತೇನೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೂ ಈಗ ಕೇಳುವುದು ಬಿಟ್ಟಿದ್ದಾರೆ.

ಮಳೆ ಬಿದ್ದು ಹಳ್ಳದ ಏರು ಕೊರಕಲಾಗಿತ್ತು. ಫೋರ್ ವೀಲ್ ಹಾಕಿಕೊಂಡು ನಿಧಾನವಾಗಿ ಏರಿಸುತ್ತಿದ್ದೆ. ಮುಂದಿನ ಚಕ್ರವೊಂದು ಕಲ್ಲಿನ ಮೇಲಿಂದ ಕೆಳಗಿಳಿದಾಗ ಏನೋ ಮುರಿದ ಸದ್ದಾಯಿತು. ಗಾಡಿಯ ಮೂತಿ ಒಂದು ಪಕ್ಕಕ್ಕೆ ವಾಲಿಕೊಂಡಿತು. ಇಳಿದು ಬಗ್ಗಿ ನೋಡಿದರೆ ಸ್ಪ್ರಿಂಗ್ ಪಟ್ಟಿಯನ್ನು ಹಿಡಿದುಕೊಂಡಿದ್ದ ಜಾಗವೇ ಚಾಸಿಯಿಂದ ಕಿತ್ತು ಬಂದಿತ್ತು. ಬೆರಳಿನಿಂದ ಮುಟ್ಟಿದರೆ ಕಬ್ಬಿಣ ಹಪ್ಪಳದ ಹಾಗೆ ಪುಡಿಯಾಗಿ ಉದುರಿತು. ಹಸುವಿನ ಯಜಮಾನನಿಗೆ ಫೋನ್ ಮಾಡಿದೆ. ಅವನು ಬೈಕಿನಲ್ಲಿ ಬಂದ. ಔಷಧಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ.

ಕರುವಿನ ಒಂದು ಮುಂಗಾಲು ಒಳಗೆ ಮಡಿಚಿಕೊಂಡಿತ್ತು. ಸರಿಮಾಡಿ ಎಳೆದದ್ದಾಯಿತು, ಕರು ಬದುಕಿತು, ಹಸುವೂ ಎದ್ದು ನಿಂತಿತು. ಕೈತೊಳೆದು ಕಾಫಿ ಕುಡಿಯುವಾಗ ಮನೆಯ ಯಜಮಾನ ಹೊರಗೆ ಬಿಸಿಲು ನೋಡಿ ಹೇಳಿದ:

"ಡಾಕ್ಟ್ರವ್ವ, ಇನ್ನೊಸಿ ಹೊತ್ಗೆ ಆನೆ ಇಳಿಯೋ ಟೈಮು. ಮನೇಲಿ ಯಾರ್ಗಾರ ಫೋನ್ ಮಾಡಿ, ಬಂದು ಕರ್ಕೊಂಡೋಗ್ಲಿ."

ಅವನು ಸಹಜವಾಗಿ ಹೇಳಿದ ಮಾತು. ನಾನು ಫೋನ್ ತೆಗೆದು ಹೆಸರುಗಳನ್ನು ಮೇಲಿಂದ ಕೆಳಗೆ ಸರಿಸುತ್ತಾ ಹೋದೆ. ಹಸುವಿನವರು, ಎಮ್ಮೆಯವರು, ಕುರಿಯವರು, ಔಷಧಿ ಅಂಗಡಿಯವರು, ಹಾಲಿನ ಡೇರಿಯವರು. ಊರೂರಿನ ಜನ ನನ್ನ ಫೋನಿನಲ್ಲಿದ್ದರು. ಅವರೆಲ್ಲ ನಾನು ಹೋಗಿ ನೋಡಬೇಕಾದವರು, ನನ್ನನ್ನು ಬಂದು ನೋಡುವವರಲ್ಲ. ತಮ್ಮ ಇರುವುದು ಚನ್ನಪಟ್ಟಣದ ಕಡೆ ಹೊಂಗನೂರಿನಲ್ಲಿ. ಅವನ ರೇಷ್ಮೆಹುಳು ಆಗ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಸಮಯ, ಆ ಹೊತ್ತಿನಲ್ಲಿ ಹೆಂಡತಿ ಕರೆದರೂ ಅವನು ಮನೆ ಬಿಟ್ಟು ಬರುವವನಲ್ಲ. ಕೊನೆಗೆ ಕನಕಪುರದ ಗ್ಯಾರೇಜಿನ ಸಾಬರಿಗೆ ಫೋನ್ ಮಾಡಿದೆ. ಅವರು ಟೋಯಿಂಗ್ ಗಾಡಿ ತಂದು, ಜೀಪನ್ನೂ ನನ್ನನ್ನೂ ಒಟ್ಟಿಗೆ ಕರೆದುಕೊಂಡು ಬಂದರು.

ಮಾರನೇ ದಿನ ಸಾಬರು ಜೀಪಿನ ಕೆಳಗಿಂದ ತೆವಳಿಕೊಂಡು ಹೊರಗೆ ಬಂದು, ಕೈ ಒರೆಸಿಕೊಂಡು ಹೇಳಿದರು: "ಆಗಲ್ಲ ಮೇಡಂ. ಎಂಜಿನ್ನು ಇನ್ನೂ ಓಡತದೆ. ಆದ್ರೆ ಚಾಸಿ ತುಕ್ಕು ತಿಂದೈತೆ. ಇಲ್ಲಿ ವೆಲ್ಡಿಂಗ್ ಮಾಡಿದ್ರೆ ಪಕ್ಕದಲ್ಲಿ ಬಿರುಕು ಬಿಡತದೆ. ನೀವು ಒಬ್ಬರೇ ಕಾಡು ಕಡೆ ಹೋಗೋರು. ಬೇರೆ ತಗೊಂಬಿಡಿ."

"ಯಾವುದು ತಗೊಳ್ಳಲಿ?"

"ನಾನು ಹೇಳಲ್ಲ. ನಾನು ಹೇಳಿದ್ದು ಕೆಟ್ಟೋದ್ರೆ ನೀವು ನನ್ನನ್ನ ಬಯ್ಯಲ್ಲ. ಬಯ್ಯದೆ ಇದ್ರೇ ನನಗೆ ಕಷ್ಟ."

ತಮ್ಮನಿಗೆ ಹೇಳಿದೆ. "ಅಕ್ಕ, ಈ ವಯಸ್ನಲ್ಲಿ ನಿಂಗ್ಯಾಕೆ ಫೋರ್ ವೀಲು? ಒಂದು ಚಿಕ್ಕ ಕಾರು ತಗೊಂಡು ಟಾರ್ ರೋಡ್ ಇರೋ ಊರಿಗೆ ಮಾತ್ರ ಹೋಗು" ಅಂದ. ಟಾರ್ ರೋಡ್ ಇರುವ ಊರಿಗೆ ಬೇರೆ ಡಾಕ್ಟರುಗಳೂ ಹೋಗುತ್ತಾರೆ ಎಂದು ಅವನಿಗೆ ವಿವರಿಸುವಷ್ಟರಲ್ಲಿ ಯಾರೋ ಕರೆದರು, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟ.

ಅಲ್ಲಿಂದ ನನ್ನ ವಿಚಾರಣೆ ಶುರುವಾಯಿತು. ಹಳ್ಳಿಗಳಿಗೆ ಆಟೋದಲ್ಲೋ, ರೈತರ ಬೈಕಿನ ಹಿಂದೆಯೋ ಹೋಗುತ್ತಿದ್ದೆ. ಎಲ್ಲಿ ಫೋರ್ ವೀಲ್ ಗಾಡಿ ಕಂಡರೂ ನಿಂತು ಕೇಳುತ್ತಿದ್ದೆ. ನಮ್ಮ ದೇಶದ ಕಂಪನಿಯ ಹೊಸ ಜೀಪು ಇಟ್ಟುಕೊಂಡಿದ್ದ ಕಲ್ಲುಕೋರೆಯವನೊಬ್ಬ, "ಎಂಜಿನ್ನಿಗೆ ಸಾವಿಲ್ಲ ಮೇಡಂ, ಆದ್ರೆ ಆ ಟಿವಿ ಥರದ್ದು ಐತಲ್ಲ, ಅದು ಆಗಾಗ ತಲೆ ಕೆಟ್ಟಂಗೆ ಆಡ್ತದೆ" ಅಂದ. ಅಂಥದೇ ಗಾಡಿ ಇಟ್ಟುಕೊಂಡಿದ್ದ ಇನ್ನೊಬ್ಬ, ಟಿವಿಗೆ ಏನೂ ಆಗಿಲ್ಲ, ಕ್ಲಚ್ ಎರಡು ಸಲ ಹೋಯಿತು ಅಂದ. ಜಪಾನಿನ ಹೆಸರಿರುವ ಪುಟ್ಟ ಹೊಸ ಗಾಡಿಯ ಬಗ್ಗೆ ಎಲ್ಲರೂ ಒಂದೇ ದನಿಯಲ್ಲಿ ಹೊಗಳುತ್ತಿದ್ದರು, ಆದರೆ ಹೊಗಳಿದವರಲ್ಲಿ ಒಬ್ಬರ ಹತ್ತಿರವೂ ಆ ಗಾಡಿ ಇರಲಿಲ್ಲ. ಹೊರದೇಶದ ಕಂಪನಿಯೊಂದು ಭಾರತ ಬಿಟ್ಟು ಹೋದ ಮೇಲೆ ಅದರ ದೊಡ್ಡ ಗಾಡಿ ಇಟ್ಟುಕೊಂಡವರೊಬ್ಬರು ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನ ಮುಂದೆ ಸಿಕ್ಕಿದರು. ಬಾನೆಟ್ಟಿನ ಮೇಲೆ ಕೈಯಿಟ್ಟು, "ಇಂಥ ಗಾಡಿ ಇನ್ನು ಬರಲ್ಲ. ಒಂದು ಸಾಮಾನು ಬೇಕಂದ್ರೆ ಮಾತ್ರ ತಿಂಗಳುಗಟ್ಟಲೆ ಕಾಯಬೇಕು" ಎಂದು ಒಂದೇ ಉಸಿರಿನಲ್ಲಿ ಹೇಳಿದರು.

ನನಗೆ ನನ್ನ ಕಸುಬೇ ನೆನಪಾಗುತ್ತಿತ್ತು. ಯಾವ ತಳಿ ಗಟ್ಟಿ ಡಾಕ್ಟ್ರವ್ವ ಎಂದು ಜನ ಕೇಳುತ್ತಾರೆ. ಹಳ್ಳಿಕಾರ್ ಗಟ್ಟಿ, ಆದರೆ ಹಾಲು ಕಡಿಮೆ. ಸೀಮೆಹಸು ಹಾಲು ಸುರಿಸುತ್ತದೆ, ಜ್ವರವೂ ಬೇಗ ಬರುತ್ತದೆ. ಪಕ್ಕದ ಮನೆಯಲ್ಲಿ ಹೇಗಿದೆ ನೋಡಿ ತಗೊಳ್ಳಬೇಡಿ, ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದೀರಿ, ಯಾರು ನೋಡಿಕೊಳ್ಳುತ್ತಾರೆ, ಅದನ್ನು ನೋಡಿ ತಗೊಳ್ಳಿ ಎಂದು ನಾನು ಹೇಳುತ್ತೇನೆ. ಈಗ ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡರೆ ಉತ್ತರ ಸುಲಭವಾಗಿತ್ತು. ನಮ್ಮ ಮನೆಯಲ್ಲಿ ಇರುವುದು ನಾನೊಬ್ಬಳು. ಬೇರೆಯವರಿಗೆ ಗಾಡಿ ಕೆಟ್ಟರೆ ಒಂದು ದಿನದ ತೊಂದರೆ, ಮನೆಗೆ ಹೋಗಿ ಹೇಳಿಕೊಂಡು ನಗುವ ಕತೆ. ನನಗೆ ಕಾಡಿನ ಅಂಚಿನಲ್ಲಿ, ಸಿಗ್ನಲ್ ಇಲ್ಲದ ಕಡೆ, ಹಠಾತ್ತನೆ ನಿಲ್ಲದ ಗಾಡಿ ಬೇಕಿತ್ತು. ಮಿಕ್ಕದ್ದೆಲ್ಲ ಹೇಗಿದ್ದರೂ ನಡೆಯುತ್ತಿತ್ತು.

ಹೀಗೆ ಫೋನಿನಲ್ಲಿ ಹುಡುಕುತ್ತಿರುವಾಗ ಒಂದು ಜಾಹೀರಾತು ಕಂಡಿತು. ಈಗ ತಯಾರಿಕೆ ನಿಂತುಹೋಗಿರುವ, ಹಗುರ ಮೈಯ, ಹಳೇ ಪೆಟ್ರೋಲ್ ಫೋರ್ ವೀಲ್. ಮೊದಲೆಲ್ಲ ಸೈನ್ಯದವರು, ಅರಣ್ಯದವರು ಓಡಿಸುತ್ತಿದ್ದಂಥದು. ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ ಎಂದು ಸಾಬರೂ ಒಪ್ಪಿದ್ದ ಗಾಡಿ ಅದೊಂದೇ. ಮಾರುವವರು ಮಾಗಡಿಯ ಕಡೆಯವರು. ಫೋನ್ ಮಾಡಿದೆ. ವಯಸ್ಸಾದ, ನಿಧಾನದ ದನಿ.

"ಫೋಟೋ ನೋಡಿ ಗಾಡಿ ತಗೋಬಾರ್ದು. ಬಂದು ನೋಡಿ. ಭಾನುವಾರ ಮನೇಲೇ ಇರ್ತೀನಿ."

ಕನಕಪುರದಿಂದ ರಾಮನಗರಕ್ಕೆ ಒಂದು ಬಸ್ಸು, ಅಲ್ಲಿಂದ ಮಾಗಡಿಗೆ ಇನ್ನೊಂದು. ಬಸ್‌ಸ್ಟ್ಯಾಂಡಿಗೆ ಅವರೇ ಅದೇ ಗಾಡಿಯಲ್ಲಿ ಬಂದಿದ್ದರು. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಬೆಟ್ಟದ ಮೇಲಿನ ಲೈನುಗಳನ್ನು ನೋಡಲು ಹೋಗುತ್ತಿದ್ದ ಕಾಲದಲ್ಲಿ ಕೊಂಡ ಗಾಡಿಯಂತೆ. ಊರ ಹೊರಗೆ ಬಂಡೆಗಳ ಮಗ್ಗುಲಲ್ಲಿ ಸಣ್ಣ ಮಾವಿನ ತೋಪು, ಅದರೊಳಗೆ ಮನೆ. ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿ ಇತ್ತು. ಪಕ್ಕದಲ್ಲಿ ನನ್ನದನ್ನು ಬಿಟ್ಟೆ. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದನ್ನು ಅವರು ಕಾಫಿ ಲೋಟ ಕೊಡುವಾಗ, ಸಕ್ಕರೆ ಸರಿ ಇದೆಯಾ ಎಂದು ಕೇಳಿದಷ್ಟೇ ಸಲೀಸಾಗಿ ಹೇಳಿದರು.

ಆಮೇಲೆ ಗಾಡಿ ತೋರಿಸಿದರು. ಬಾನೆಟ್ ಎತ್ತಿ ಒಂದೊಂದನ್ನೇ ಬೆರಳಿಟ್ಟು ತೋರಿಸಿದರು. ಕೆಳಗೆ ಚಾಪೆ ಹಾಸಿ, "ಮಲಗಿ ನೋಡಿ, ಚಾಸಿ ನೋಡದೆ ಮಾತಾಡಬಾರ್ದು" ಅಂದರು. ನಾನು ಹಸುವಿನ ಹಿಂದೆ ಮಲಗಿ ಅಭ್ಯಾಸವಿದ್ದವಳು, ಹಿಂಜರಿಯದೆ ಮಲಗಿದೆ. ಒಂದು ಚೂರು ತುಕ್ಕಿರಲಿಲ್ಲ. ತೋಪಿನ ಹಿಂದಿನ ಬಂಡೆದಾರಿಯಲ್ಲಿ ನನಗೇ ಓಡಿಸಲು ಕೊಟ್ಟರು. ಗಾಡಿ ಮೇಕೆಯಂತೆ ಹತ್ತಿತು.

"ನನಗೆ ಒಪ್ಪಿಗೆ ಸಾರ್" ಅಂದೆ.

ಅವರು ಇಳಿದು ಹಿಂದಿನ ಚಕ್ರ ಮುಟ್ಟಿ ನೋಡಿದರು. "ಅಷ್ಟು ಬೇಗ ಒಪ್ಪಬೇಡಿ. ಹಿಂದಿನ ಬ್ರೇಕು ಒಸಿ ಎಳೀತದೆ. ಅದನ್ನ ಸರಿಮಾಡಿಸ್ತೀನಿ. ಬರೋ ಭಾನುವಾರ ಬನ್ನಿ" ಅಂದರು. ಹೊರಡುವಾಗ ಒಂದು ಚೀಲ ಅವರೆಕಾಯಿ ಕೊಟ್ಟರು. ಒಬ್ಬಳಿಗೆ ಅದು ಹೆಚ್ಚೇ ಆಗಿತ್ತು. ಬೇಡ ಅನ್ನಲಿಲ್ಲ. ಆ ವಾರ ದಿನವೂ ಕೂತು ಬಿಡಿಸಿದೆ, ದಿನವೂ ಅದೇ ಸಾರು.

ಮುಂದಿನ ಭಾನುವಾರ ಬ್ರೇಕು ಸರಿಯಾಗಿತ್ತು, ಆದರೆ ಬ್ಯಾಟರಿ ಬದಲಿಸಬೇಕು ಅಂದರು. ಅದರ ಮುಂದಿನ ವಾರ, ಟೈರು ಹಳೆಯದು, ನಾಲ್ಕೂ ಹಾಕಿಸದೆ ಕೊಟ್ಟರೆ ನನಗೆ ಸಮಾಧಾನವಿಲ್ಲ ಅಂದರು. ಪ್ರತಿ ಸಲವೂ ಕಾಫಿ, ಬಂಡೆದಾರಿಯಲ್ಲಿ ಒಂದು ಸುತ್ತು, ಆಮೇಲೆ ಮಾವಿನ ಮರದ ಕೆಳಗೆ ಕುರ್ಚಿ ಹಾಕಿ ಮಾತು. ಯಾವ ಕಂಪನಿ ಯಾವ ಕಾಲದಲ್ಲಿ ಒಳ್ಳೇ ಗಾಡಿ ಮಾಡಿತು, ಯಾವಾಗ ಹಾಳಾಯಿತು ಎನ್ನುವುದು ಅವರಿಗೆ ಕರತಲಾಮಲಕ.

"ಹೆಸರು ನಂಬಬೇಡಿ ಡಾಕ್ಟ್ರೇ" ಎನ್ನುತ್ತಿದ್ದರು. "ಕಂಪನಿಗೂ ವಯಸ್ಸಾಗ್ತದೆ. ಒಂದು ಕಾಲಕ್ಕೆ ಗಟ್ಟಿ ಇದ್ದೋರು ಆಮೇಲೆ ಹಂಗೇ ಇರ್ತಾರೆ ಅಂತ ಏನಿಲ್ಲ. ರಿಪೇರಿ ಮಾಡೋನು ಹತ್ತಿರ ಇದ್ದಾನಾ, ಅದನ್ನ ನೋಡಿ."

"ನಿಮ್ಮ ಗಾಡಿಗೆ ಹತ್ತಿರದಲ್ಲಿ ಯಾರಿದ್ದಾರೆ?"

"ನಾನಿದ್ದೀನಲ್ಲ" ಅಂದು ನಕ್ಕರು. ಆಮೇಲೆ ಆ ಮಾತು ಹೇಗೆ ಕೇಳಿಸಿತೋ ಎಂದುಕೊಂಡರೇನೋ, ಎದ್ದು ಹೋಗಿ ಲೋಟ ತೊಳೆದರು.

ನಾಲ್ಕನೇ ಸಲ ಹೋದಾಗ ಬಸ್ಸು ಬೇಗ ಬಂದಿತ್ತು. ಅವರಿಗೆ ಫೋನ್ ಮಾಡದೆ ಆಟೋ ಹಿಡಿದು ಹೋಗಿದ್ದೆ. ಮನೆಗೆ ಬೀಗವಿತ್ತು. ಪಕ್ಕದ ಹೊಲದಲ್ಲಿ ರಾಗಿ ಹುಲ್ಲು ಮೆದೆ ಒಟ್ಟುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಬೇಲಿಯ ಹತ್ತಿರ ಬಂದಳು.

"ಅಂಗಡಿಗೆ ಹೋದ್ರು, ಬತ್ತಾರೆ. ಗಾಡಿ ನೋಡಕ್ಕೆ ಬಂದ್ರಾ?"

ಹೌದೆಂದೆ.

"ಅವ್ರು ಅದ ಮಾರಕ್ಕಿಲ್ಲ ಕಣವ್ವ" ಅಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. "ಅವ್ರ ಮನೆ ಅಮ್ಮಾರು ಹೋದಾಗ್ಲಿಂದ ಮಾರ್ತೀನಿ ಮಾರ್ತೀನಿ ಅಂತಾನೇ ಅವ್ರೆ. ಬಂದೋರ್ಗೆಲ್ಲ ಕಾಫಿ ಕೊಡ್ತಾರೆ, ಕಾಯಿ ಕೊಡ್ತಾರೆ, ಮಾತಾಡಿಸಿ ಕಳಿಸ್ತಾರೆ. ಬೆಂಗ್ಳೂರ್ನೋರು ಕೇಳಿದಷ್ಟು ಕೊಡ್ತೀನಿ ಅಂದ್ರೂ ಕೊಡ್ನಿಲ್ಲ. ನೀವು ಬಸ್ನಲ್ಲಿ ಬತ್ತಿದ್ರಿ ಅಂತ ಹೇಳ್ದೆ."

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ರೈತರ ಬೈಕಿನ ಹಿಂದೆ ಕೂತು ಸೊಂಟ ಹಿಡಿದುಕೊಂಡಿತ್ತು. ಕಾಡಿನ ಕಡೆಯ ಎರಡು ಊರುಗಳಿಗೆ ಹೋಗಲಾಗದೆ ಬೇರೆಯವರನ್ನು ಕರೆಯಿರಿ ಎಂದು ಹೇಳಿದ್ದೆ. ಅವರು ಬರುವವರೆಗೆ ಕಾಯದೆ ಅದೇ ಆಟೋದಲ್ಲಿ ವಾಪಸ್ಸು ಬಸ್‌ಸ್ಟ್ಯಾಂಡಿಗೆ ಹೋದೆ. ರಾಮನಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅವರಿಗೆ ಫೋನಿನಲ್ಲಿ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಜೋಡಿಸುತ್ತಾ ಜೋಡಿಸುತ್ತಾ ತೊಡೆಯ ಮೇಲಿನ ಸೀರೆಯ ಕಡೆ ಕಣ್ಣು ಹೋಯಿತು. ಇಸ್ತ್ರಿ ಮಾಡಿದ ಸೀರೆ. ದನದ ಡಾಕ್ಟರಾದ ನಾನು ವಾರವಿಡೀ ಹಳೇ ಚೂಡಿದಾರದಲ್ಲಿ, ಮೊಣಕೈವರೆಗೆ ಸಗಣಿಯಲ್ಲಿ ಇರುವವಳು. ಗಾಡಿಯ ಚಾಸಿ ನೋಡಲು ಯಾರೂ ಸೀರೆಗೆ ಇಸ್ತ್ರಿ ಮಾಡಿಕೊಂಡು ಹೋಗುವುದಿಲ್ಲ. ಎರಡನೇ ಭಾನುವಾರವೇ ಆ ಗಾಡಿಯ ಬಗ್ಗೆ ನಾನು ತಿಳಿಯಬೇಕಾದದ್ದೆಲ್ಲ ತಿಳಿದಿತ್ತು. ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ ನಾನೂ ಕೇಳುತ್ತಿದ್ದೆ. ಸಿಟ್ಟು ಇಳಿಯಿತು. ಅದರ ಜಾಗಕ್ಕೆ ಬಂದದ್ದು ಸಿಟ್ಟಿಗಿಂತ ಕಷ್ಟದ್ದಾಗಿತ್ತು.

ಸಂಜೆ ಅವರೇ ಫೋನ್ ಮಾಡಿದರು. "ಬಂದು ಹೋದ್ರಂತೆ. ಕಾಯಬಾರದಿತ್ತಾ?"

"ಎಮರ್ಜೆನ್ಸಿ ಬಂತು ಸಾರ್" ಅಂದೆ.

"ಟೈರ್ ಬಂದವೆ."

"ಹೌದಾ, ಒಳ್ಳೇದಾಯ್ತು."

ಪಕ್ಕದ ಹೊಲದವಳು ನನಗೆ ಹೇಳಿದ್ದು ಅವರಿಗೆ ತಿಳಿದಿತ್ತು ಎಂದು ನನಗೆ ಅನಿಸಿತು. ನನ್ನ ಗಾಡಿಯ ಅವಸರ ನಿಜವಾದದ್ದೆಂದು ಅವರಿಗೂ ಗೊತ್ತಿತ್ತು. ಕೊನೆಗೆ ಅವರೇ ಹೇಳಿದರು: "ಡಾಕ್ಟ್ರೇ, ನೀವು ಹೊಸದೇ ತಗೊಳ್ಳಿ. ಈ ಗಾಡಿಗೆ ಸಾಮಾನು ಸಿಗೋದು ಕಷ್ಟ. ನೀವು ಒಬ್ಬರೇ ಓಡಾಡೋರು. ನಮ್ಮ ದೇಶದ್ದೇ ತಗೊಳ್ಳಿ, ರಾಮನಗರದಲ್ಲೇ ಸರ್ವೀಸ್ ಐತೆ."

ಅದು ಗಾಡಿಯ ಬಗ್ಗೆ ಅವರು ಕೊಟ್ಟ ಸರಿಯಾದ ಸಲಹೆ. ಅದನ್ನು ಮೊದಲ ಭಾನುವಾರವೇ ಕೊಡಬಹುದಿತ್ತು.

ರಾಮನಗರದ ಶೋರೂಮಿಗೆ ಹೋದೆ. ಟೈ ಕಟ್ಟಿದ್ದ ಸೇಲ್ಸ್‌ನವನು ಬಾಗಿಲು ತೆಗೆದು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡಿದ. "ಸಾರ್ ಪಾರ್ಕ್ ಮಾಡ್ತಿದ್ದಾರಾ ಮೇಡಂ?" ಎಂದು ಕೇಳಿದ. ಸಾರ್ ಇಲ್ಲ, ಗಾಡಿ ನನಗೇ ಎಂದೆ. ಅವನು ತಕ್ಷಣ ಬಣ್ಣಗಳ ಬಗ್ಗೆ ಹೇಳಲು ಶುರುಮಾಡಿದ. ಲೋ ಗೇರ್ ಅನುಪಾತ ಎಷ್ಟು, ಹಿಂದಿನ ಆಕ್ಸಲ್ ಲಾಕ್ ಆಗುತ್ತದಾ, ಗೇರ್‌ಬಾಕ್ಸ್ ಸಾಮಾನು ಇಲ್ಲೇ ಸಿಗುತ್ತದಾ, ಬೆಂಗಳೂರಿಂದ ಬರಬೇಕಾ ಎಂದು ಕೇಳಿದೆ. ಮಾಗಡಿಯ ಮಾವಿನ ಮರದ ಕೆಳಗೆ ಕಲಿತ ಪ್ರಶ್ನೆಗಳು. ಅವನು ಒಳಗಿನಿಂದ ಸರ್ವೀಸ್ ಮ್ಯಾನೇಜರನ್ನು ಕರೆದುಕೊಂಡು ಬಂದ. ಅವರು ಸುತ್ತಿ ಬಳಸದೆ ಉತ್ತರ ಕೊಟ್ಟರು, ಯಾವುದಕ್ಕೆ ಕಾಯಬೇಕಾಗುತ್ತದೆ ಎನ್ನುವುದನ್ನೂ ಹೇಳಿದರು. ಅಡ್ವಾನ್ಸ್ ಕೊಟ್ಟು ಬಂದೆ.

ಗಾಡಿ ಕೈಗೆ ಬಂದ ದಿನ ಅದೇ ಸೇಲ್ಸ್‌ನವನು ಪಕ್ಕದಲ್ಲಿ ಕೂತು ಒಂದೊಂದೇ ಗುಂಡಿ ವಿವರಿಸಿದ. ಆಕ್ಸಿಡೆಂಟ್ ಆದರೆ ತಾನಾಗಿಯೇ ಮನೆಯವರಿಗೆ ಮೆಸೇಜ್ ಹೋಗುವ ವ್ಯವಸ್ಥೆ ಇದೆ, ಒಂದು ನಂಬರ್ ಹೇಳಿ ಅಂದ. ತಮ್ಮನ ನಂಬರ್ ಬಾಯಿಗೆ ಬಂತು. ಅವನು ಅರ್ಧ ಸಲ ಫೋನ್ ಎತ್ತುವುದಿಲ್ಲ. ಮಾಗಡಿಯ ನಂಬರೂ ಬಾಯಿಗೆ ಬಂತು. ಅದನ್ನು ಯಾವ ಹಕ್ಕಿನಿಂದ ಕೊಡಲಿ? ಗ್ಯಾರೇಜಿನ ಸಾಬರ ನಂಬರ್ ಕೊಟ್ಟೆ. "ಅವರು ನಿಮಗೆ ಏನಾಗಬೇಕು ಮೇಡಂ?" ಎಂದು ಅವನು ಕೇಳಿದ. ಪರಿಚಯದವರು ಎಂದೆ. ಶೋರೂಮಿನವರು ಕೇಕ್ ತರಿಸಿದ್ದರು. ಫೋಟೋ ತೆಗೆಯುವಾಗ ನಾನೊಬ್ಬಳೇ ನಿಂತದ್ದು ಬೋಳಾಗಿ ಕಂಡಿತೇನೋ, ಅಲ್ಲಿ ಕೆಲಸ ಮಾಡುವ ಇಬ್ಬರನ್ನು ನನ್ನ ಅಕ್ಕಪಕ್ಕ ನಿಲ್ಲಿಸಿದರು.

ಮೊದಲು ಮಾಗಡಿಗೇ ಓಡಿಸಿಕೊಂಡು ಹೋದೆ. ಮಾವು ಹೂ ಬಿಟ್ಟಿತ್ತು. ಅವರು ಹೊಸ ಗಾಡಿಯ ಸುತ್ತ ಎರಡು ಸುತ್ತು ಬಂದರು, ಕೂತು ನೋಡಿದರು, ಚಾಪೆ ತಂದು ಕೆಳಗೆ ಮಲಗಿಯೂ ನೋಡಿದರು. ಬಂಡೆದಾರಿಯಲ್ಲಿ ಓಡಿಸಿ ಬಂದು, "ಮೈ ಭಾರ. ಆದ್ರೆ ಗಟ್ಟಿ ಐತೆ. ನಿಮಗೆ ಇದೇ ಸರಿ" ಎಂದು ತೀರ್ಪು ಕೊಟ್ಟರು. ಅವರ ಹಳೇ ಗಾಡಿ ಅಲ್ಲೇ ಪಕ್ಕದಲ್ಲಿ ನಿಂತಿತ್ತು. ಹೊಸ ಟೈರಿನ ಮೇಲೆ ಮಾವಿನ ಹೂ ಉದುರಿತ್ತು. ಕಾಫಿ ಕುಡಿದೆವು. ಮಾತಿಗೆ ವಿಷಯವೇ ಸಿಗಲಿಲ್ಲ. ಕೊಳ್ಳುವವಳು, ಮಾರುವವರು ಎನ್ನುವುದು ಹೋದ ಮೇಲೆ ನಾವು ಯಾರು ಎನ್ನುವುದು ಇಬ್ಬರಿಗೂ ತಿಳಿಯಲಿಲ್ಲ. ಒಂದು ಎಮ್ಮೆಯನ್ನಾದರೂ ಸಾಕಿದ್ದರೆ ನೋಡಿ ಬರುತ್ತೇನೆ ಎನ್ನಬಹುದಿತ್ತು. ಅವರ ತೋಪಿನಲ್ಲಿ ಒಂದು ಕೋಳಿಯೂ ಇರಲಿಲ್ಲ.

"ಹುಷಾರು" ಅಂದರು ಗೇಟಿನ ಹತ್ತಿರ. "ಮೊದಲನೇ ಸರ್ವೀಸ್ ತಪ್ಪಿಸಬೇಡಿ."

ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಕೆಲಸ ಕೈತುಂಬ ಇತ್ತು. ಬಿಟ್ಟಿದ್ದ ಊರುಗಳಿಗೆ ಮತ್ತೆ ಹೋಗತೊಡಗಿದೆ. ಗಾಡಿ ಎಲ್ಲೂ ನಿಲ್ಲಲಿಲ್ಲ. ಭಾನುವಾರಗಳು ಮಾತ್ರ ಮೊದಲಿಗಿಂತ ಉದ್ದವಾದವು. ಮೊದಲೂ ನಾನು ಭಾನುವಾರ ಒಬ್ಬಳೇ ಇರುತ್ತಿದ್ದೆ, ಬಟ್ಟೆ ಒಗೆದು, ಟಿವಿ ನೋಡಿ, ಮಲಗಿ ಕಳೆಯುತ್ತಿದ್ದೆ. ಆಗ ಅದು ರಜೆ ಎನಿಸುತ್ತಿತ್ತು. ಈಗ ಮಧ್ಯಾಹ್ನದ ಹೊತ್ತಿಗೆ ರಾಮನಗರದ ಬಸ್ಸು ಈಗ ಎಲ್ಲಿರುತ್ತದೆ ಎಂದು ಸುಮ್ಮನೆ ಲೆಕ್ಕ ಹಾಕುತ್ತಿದ್ದೆ.

ಮೊದಲ ಸರ್ವೀಸಿನ ಹೊತ್ತಿಗೆ ಅವರ ಫೋನ್ ಬಂತು. "ಸರ್ವೀಸ್ ಆಯ್ತಾ?" ಆಯಿತೆಂದೆ. ಆಯಿಲ್ ಬದಲಿಸಿದರಾ, ನಟ್ಟುಗಳನ್ನು ಬಿಗಿ ಮಾಡಿದರಾ ಎಂದು ಕೇಳಿದರು. ಎಲ್ಲದಕ್ಕೂ ಹೌದು ಎಂದೆ. ಒಂದೆರಡು ಸಮಸ್ಯೆಗಳಾದರೂ ಇದ್ದಿದ್ದರೆ ಮಾತು ಬೆಳೆಯುತ್ತಿತ್ತು. ಗಾಡಿ ಚೆನ್ನಾಗಿತ್ತು. "ಸರಿ ಹಂಗಾದ್ರೆ" ಎಂದು ಇಟ್ಟರು.

ಎರಡನೇ ಸರ್ವೀಸಿಗೆ ಇನ್ನೂ ಬಹಳ ದೂರವಿತ್ತು. ಕಳೆದ ಭಾನುವಾರ ಧೈರ್ಯ ಮಾಡಿ ನಾನೇ ಫೋನ್ ಮಾಡಿದೆ. ಸ್ಟೇರಿಂಗ್ ತಿರುಗಿಸುವಾಗ ಸಣ್ಣ ಸದ್ದು ಬರುತ್ತದೆ ಎಂದು ಹೇಳಬೇಕೆಂದಿದ್ದೆ. ಸದ್ದೇನೂ ಬರುತ್ತಿರಲಿಲ್ಲ. ಬಹಳ ಹೊತ್ತು ರಿಂಗಾದ ಮೇಲೆ ಎತ್ತಿದರು. ಹಿಂದೆ ಯಾರೋ ಮಾತಾಡುತ್ತಿರುವುದು, ಬಾನೆಟ್ ಮುಚ್ಚಿದ ಸದ್ದು ಕೇಳಿಸಿತು.

"ಡಾಕ್ಟ್ರೇ, ಗಾಡಿ ನೋಡಕ್ಕೆ ತುಮಕೂರಿಂದ ಯಾರೋ ಗಂಡ ಹೆಂಡ್ತಿ ಬಂದವ್ರೆ. ಆಮೇಲೆ ಮಾಡ್ಲಾ?"

ದನಿಯಲ್ಲಿ ಲವಲವಿಕೆ ಇತ್ತು. ನಾನು ಮೊದಲ ಸಲ ಹೋದಾಗ ಕೇಳಿದ್ದ ದನಿ.

"ಆಗಲಿ ಸಾರ್, ಅವಸರ ಏನಿಲ್ಲ" ಅಂದೆ.

ಮನೆಯಲ್ಲೇ ಕಾದೆ. ಸಂಜೆಯವರೆಗೂ ಫೋನ್ ಬರಲಿಲ್ಲ. ಆಮೇಲೆ ಬಂದದ್ದು ಕಾಡಂಚಿನ ಊರೊಂದರಿಂದ, ಎತ್ತಿನ ಹೊಟ್ಟೆ ಉಬ್ಬರಿಸಿದೆ ಎಂದು. ಚೀಲ ಎತ್ತಿಕೊಂಡು, ಮನೆಗೆ ಬೀಗ ಹಾಕಿ, ಗಾಡಿ ತೆಗೆದೆ.